ರೈಸ್‌ನಿಂದ ವರ್ಡ್‌ಗೆ, ವರ್ಡ್‌ನಿಂದ ಮತ್ತೆ ರೈಸ್‌ಗೆ: ಒಂದು ಕೋರ್ಸಿನ ಮಾತು ಹೊರಗೆ ತೆಗೆದ ಕಥೆ

ಶುರುವಾಗಿದ್ದು ಒಂದು ಫೋನ್‌ನಿಂದ. “ಮೇಡಂ, ಲಿಂಕ್ ಗಿಂಕ್ ಬೇಡ. ವರ್ಡ್‌ನಲ್ಲಿ ಕಳಿಸಿ, ಅದರಲ್ಲೇ ತಿದ್ದಿ ಕೊಡ್ತೀನಿ.”

ಮಾತಾಡಿದವರು ಪೀಣ್ಯದ ಒಂದು ಕಾರ್ಖಾನೆಯ ಕ್ಯಾಂಟೀನ್ ನೋಡಿಕೊಳ್ಳುವವರು. ಮೂವತ್ತು ವರ್ಷ ಒಲೆ ಮುಂದೆ ನಿಂತವರು. ಅವರ ಅಡುಗೆಮನೆಯ ಹುಡುಗರಿಗೆ ಆಹಾರ ಸುರಕ್ಷತೆಯ ಬಗ್ಗೆ ಒಂದು ಸಣ್ಣ ಆನ್‌ಲೈನ್ ಕೋರ್ಸ್ ಮಾಡಿಕೊಡುವುದು ನನ್ನ ಕೆಲಸ. ಇಂಗ್ಲಿಷ್ ಕೋರ್ಸ್ ಮೊದಲೇ ತಯಾರಿತ್ತು, ಆನ್‌ಲೈನ್ ಕೋರ್ಸ್ ಕಟ್ಟುವ ಆರ್ಟಿಕ್ಯುಲೇಟ್ ರೈಸ್ ಎಂಬ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ್ದೆ. ಈಗ ಅದು ಕನ್ನಡಕ್ಕೆ ಬರಬೇಕಿತ್ತು. ಅನುವಾದ ಮಾಡಲು ಧಾರವಾಡದ ಗೆಳತಿ ಒಪ್ಪಿದ್ದಳು. ಅದನ್ನು ಓದಿ, ಅಡುಗೆಮನೆಯ ಭಾಷೆಗೆ ತಿರುಗಿಸುವುದು ಈ ಹಿರಿಯರ ಪಾಲು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಬರೆದರೆ ಈ ಸಾಫ್ಟ್‌ವೇರೂ ರೈಸ್, ಅನ್ನವೂ ರೈಸ್. ಕೋರ್ಸ್‌ನ ಮೂರನೇ ಪಾಠ ಪೂರ್ತಿ ಅನ್ನದ ಬಗ್ಗೆ. “ರೈಸ್ ಫೈಲ್ ಕಳಿಸಿದ್ದೇನೆ ಸರ್” ಅಂದರೆ ಅವರು ಮೂರನೇ ಪಾಠ ಮಾತ್ರ ತೆಗೆದು ಕೂರುತ್ತಿದ್ದರು. ಇಲ್ಲಿ ಅನ್ನವನ್ನು ಅನ್ನ ಅಂತಲೇ ಬರೆಯುತ್ತೇನೆ.

ಶನಿವಾರ: ಸುಲಭದ ದಾರಿಗಳು

ಮೊದಲು ಸೋಮಾರಿತನದ ದಾರಿ ಹಿಡಿದೆ. ಕೋರ್ಸನ್ನು ಪಿಡಿಎಫ್ ಆಗಿ ಇಳಿಸಿಕೊಳ್ಳಬಹುದು. ಪಿಡಿಎಫ್ ಅನ್ನು ವರ್ಡ್‌ಗೆ ತಿರುಗಿಸಲು ದಾರಿಗಳು ಬೇಕಾದಷ್ಟಿವೆ. ತಿರುಗಿಸಿದೆ. ಬಂದದ್ದು ಹೀಗಿತ್ತು: ಪ್ರತಿ ಸಾಲೂ ಒಂದೊಂದು ಪ್ಯಾರಾ. ಎರಡು ಕಾಲಮ್‌ನ ಮಾತು ಒಂದರೊಳಗೊಂದು ಹೆಣೆದುಕೊಂಡಿತ್ತು. ಚಿತ್ರಗಳ ಮೇಲೆ ಅಕ್ಷರ ಹತ್ತಿ ಕೂತಿತ್ತು. ಇದು ಪಿಡಿಎಫ್‌ನ ಸ್ವಭಾವವೇ. ಅದಕ್ಕೆ ಗೊತ್ತಿರುವುದು ಯಾವ ಅಕ್ಷರ ಹಾಳೆಯ ಯಾವ ಜಾಗದಲ್ಲಿ ಇದೆ ಅನ್ನುವುದು. ವಾಕ್ಯ ಎಲ್ಲಿ ಮುಗಿಯಿತು ಅನ್ನುವುದು ಅಲ್ಲ.

ಅದನ್ನೂ ಸಹಿಸಿಕೊಂಡು ಕೈಯಿಂದ ಶುದ್ಧ ಮಾಡಬಹುದಿತ್ತು. ಆದರೆ ತಿದ್ದಿದ ಮೇಲೆ ಏನು? ಆ ವರ್ಡ್ ಕಡತಕ್ಕೆ ವಾಪಸ್ ಹೋಗುವ ದಾರಿಯೇ ಇಲ್ಲ. ಒಂದೊಂದು ವಾಕ್ಯವನ್ನೂ ಹುಡುಕಿ, ಕೋರ್ಸ್‌ನ ಸರಿಯಾದ ಬ್ಲಾಕ್ ತೆರೆದು, ಪೇಸ್ಟ್ ಮಾಡಬೇಕು. ಹಿಂದೊಮ್ಮೆ ಹಾಗೆ ಮಾಡಿದ್ದೇನೆ. ನಾಲ್ಕು ದಿನ ಹಿಡಿಯಿತು. ಎಲ್ಲಾ ಮುಗಿದ ಮೇಲೆ ಎರಡು ಪ್ರಶ್ನೆಗಳ ಉತ್ತರ ಅದಲುಬದಲಾಗಿದ್ದು ಗೊತ್ತಾಯಿತು.

ಬ್ರೌಸರ್‌ನಿಂದ ನಕಲು ಮಾಡುವುದು ಇನ್ನೂ ಕೆಟ್ಟದ್ದು. ಮಡಚಿಟ್ಟ ಅಕಾರ್ಡಿಯನ್ ಒಳಗಿನ ಮಾತು, ಕಾರ್ಡಿನ ಹಿಂಬದಿಯ ಮಾತು, ತಪ್ಪು ಉತ್ತರ ಒತ್ತಿದಾಗ ಮಾತ್ರ ಕಾಣುವ ಮಾತು, ಇವೆಲ್ಲ ತಪ್ಪಿಹೋಗುತ್ತವೆ.

ಹಾಗಾಗಿ ನನಗೆ ಬೇಕಾದದ್ದು ಮಾತು ಮಾತ್ರ ಅಲ್ಲ. ಪ್ರತಿ ಮಾತಿನ ಜತೆ ಅದರ ಮನೆ ವಿಳಾಸವೂ ಬೇಕು. ಹೊರಗೆ ಬಂದದ್ದು ವಾಪಸ್ ಅದೇ ಮನೆಗೆ ಹೋಗಬೇಕು.

ಭಾನುವಾರ: ಎಕ್ಸ್‌ಲಿಫ್ ಒಳಗೆ ಏನಿದೆ

ಆ ವಿಳಾಸ ಇರುವ ಕಡತವೇ ಎಕ್ಸ್‌ಲಿಫ್. ಅನುವಾದದ ಮಾತನ್ನು ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಸಾಗಿಸಲೆಂದೇ ಮಾಡಿದ ಎಕ್ಸ್‌ಎಂಎಲ್ ರೂಪ ಇದು, ಅಂದರೆ ಮಾತಿನ ಸುತ್ತ ‘ಟ್ಯಾಗ್’ ಎಂಬ ಗುರುತುಗಳನ್ನು ಹಾಕಿಟ್ಟ ಕಡತ. ಇದರ 1.2 ಆವೃತ್ತಿ 2008ರಲ್ಲಿ ಓಯಸಿಸ್ ಎಂಬ ಸಂಸ್ಥೆಯ ಮಾನಕವಾಯಿತು. 2014ರಲ್ಲಿ 2.0 ಬಂತು. ಆದರೂ ಹೆಚ್ಚಿನ ಕೋರ್ಸ್ ಸಾಫ್ಟ್‌ವೇರ್‌ಗಳು ಇವತ್ತಿಗೂ 1.2 ಮಾತಾಡುತ್ತವೆ. ರೈಸ್‌ನ ಸೆಟ್ಟಿಂಗ್‌ನಲ್ಲಿ ಅನುವಾದದ ವಿಭಾಗ ಇದೆ, ಅಲ್ಲಿಂದ ಇಳಿಸಿಕೊಂಡೆ.

ಇಳಿಸುವ ಮುಂಚೆ ಇಡೀ ಕೋರ್ಸಿನ ಒಂದು ನಕಲು ಮಾಡಿಕೊಂಡೆ. ಇದನ್ನು ಮರೆಯಬೇಡಿ. ಅನುವಾದ ವಾಪಸ್ ಹಾಕಿದಾಗ ಇಂಗ್ಲಿಷ್ ಇದ್ದ ಜಾಗದಲ್ಲೇ ಕನ್ನಡ ಕೂರುತ್ತದೆ. ನಕಲು ಇಲ್ಲದಿದ್ದರೆ ಇಂಗ್ಲಿಷ್ ಕೋರ್ಸ್ ಹೋಯಿತು ಅಂತಲೇ ಲೆಕ್ಕ. ಎಕ್ಸ್‌ಲಿಫ್ ಅನ್ನು ಆ ನಕಲಿನಿಂದಲೇ ಇಳಿಸಿ, ಅದಕ್ಕೇ ವಾಪಸ್ ಹಾಕಿದೆ.

ಕಡತವನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದೆ. ರಚನೆ ಸರಳ. ಒಂದೊಂದು ಮಾತಿನ ತುಂಡಿಗೂ ಟ್ರಾನ್ಸ್-ಯುನಿಟ್ ಎಂಬ ಡಬ್ಬಿ. ಡಬ್ಬಿಗೆ ಒಂದು ಉದ್ದನೆಯ ಐಡಿ. ಒಳಗೆ ‘ಸೋರ್ಸ್’, ಅದರಲ್ಲಿ ಇಂಗ್ಲಿಷ್. ಅದರ ಕೆಳಗೆ ನಾವು ‘ಟಾರ್ಗೆಟ್’ ಅಂತ ಬರೆದು ಅನುವಾದ ತುಂಬಬೇಕು. ನನ್ನ ಕೋರ್ಸ್‌ನಲ್ಲಿ 386 ಡಬ್ಬಿಗಳಿದ್ದವು.

ಅನುವಾದವೇ ವೃತ್ತಿಯಾದವರಿಗೆ ಇಲ್ಲಿಗೆ ಕಥೆ ಮುಗಿಯುತ್ತದೆ. ಒಮೇಗಾಟಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ತೆರೆದು ಕೆಲಸ ಮಾಡಬಹುದು. ಆದರೆ ಕ್ಯಾಂಟೀನಿನವರ ಮುಂದೆ ಒಮೇಗಾಟಿ ಇಟ್ಟರೆ ಅವರು ನನ್ನ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಅವರಿಗೆ ವರ್ಡ್ ಬೇಕು, ಎರಡು ಕಾಲಮ್‌ನ ಟೇಬಲ್ ಬೇಕು, ಅಷ್ಟೇ. ರೈಸ್ ಮಾಡಿದ ಕಂಪನಿಯದೇ ಇನ್ನೊಂದು ಸಾಫ್ಟ್‌ವೇರ್ ಸ್ಟೋರಿಲೈನ್ 360ರಲ್ಲಿ ಇಂಥ ಟೇಬಲ್ಲನ್ನು ನೇರ ವರ್ಡ್‌ಗೇ ಇಳಿಸಬಹುದು, ತಿದ್ದಿ ವಾಪಸ್ ಹಾಕಲೂಬಹುದು. ನನ್ನ ಕೈಯಲ್ಲಿದ್ದದ್ದು ಎಕ್ಸ್‌ಲಿಫ್. ಸರಿ, ಸೇತುವೆ ನಾನೇ ಕಟ್ಟೋಣ ಅಂದುಕೊಂಡೆ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಸ್ಕ್ರಿಪ್ಟ್, ಅಂದರೆ ಸಣ್ಣ ಪ್ರೋಗ್ರಾಂ. ಅದರ ಜತೆ ಎರಡು ಲೈಬ್ರರಿ: ಎಕ್ಸ್‌ಎಂಎಲ್ ಓದಲು ಎಲ್‌ಎಕ್ಸ್‌ಎಂಎಲ್, ವರ್ಡ್ ಬರೆಯಲು ಪೈಥಾನ್-ಡಾಕ್ಸ್.

ಮೊದಲ ಸ್ಕ್ರಿಪ್ಟ್, ತಲೆಕೆಳಗಾದ ವಾಕ್ಯ

ಸೋರ್ಸ್ ಒಳಗೆ ಬರೀ ಮಾತು ಇರುವುದಿಲ್ಲ. ದಪ್ಪಕ್ಷರ, ಲಿಂಕ್, ಪಟ್ಟಿ, ಇವೆಲ್ಲಕ್ಕೂ ‘ಜಿ’ ಎಂಬ ಟ್ಯಾಗ್ ಸುತ್ತಿರುತ್ತದೆ. ಟ್ಯಾಗ್‌ಗೆ ತನ್ನದೇ ಒಂದು ಐಡಿ, ಅದು ಏನು ಎಂಬ ಗುರುತು. ಒಂದು ವಾಕ್ಯದಲ್ಲಿ ಎರಡು ಪದ ದಪ್ಪಗಿದ್ದರೆ ಆ ವಾಕ್ಯ ಒಳಗಿನಿಂದ ನಾಲ್ಕೈದು ತುಂಡು.

ನಾನು ಮಾಡಿದ ಮೊದಲ ತಪ್ಪು ಇಲ್ಲೇ. ತುಂಡಿಗೊಂದು ಸಾಲು ಅಂತ ಟೇಬಲ್ ಮಾಡಿಬಿಟ್ಟೆ. ವಾಪಸ್ ಹಾಕಲು ಸುಲಭ ಅಲ್ವಾ? ತುಂಡಿದ್ದ ಜಾಗಕ್ಕೆ ತುಂಡು.

ಗೆಳತಿಗೆ ಹೋದ ಸಾಲುಗಳು ಹೀಗಿದ್ದವು. ಮೊದಲ ಸಾಲಿನಲ್ಲಿ ‘ನೆವರ್’ ಒಂದೇ. ಎರಡನೆಯದರಲ್ಲಿ ‘ಸರ್ವ್ ಕುಕ್ಡ್ ರೈಸ್ ಲೆಫ್ಟ್ ಔಟ್ ಫಾರ್ ಮೋರ್ ದ್ಯಾನ್’. ಮೂರನೆಯದರಲ್ಲಿ ‘ಟೂ ಅವರ್ಸ್’. ನಾಲ್ಕನೆಯದರಲ್ಲಿ ಒಂದು ಚುಕ್ಕಿ.

ಅವಳು ಫೋನ್ ಮಾಡಿ ಸ್ವಲ್ಪ ಹೊತ್ತು ನಕ್ಕಳು. ಆಮೇಲೆ ಕೇಳಿದಳು: “ಈ ನೆವರ್‌ನ ಎಲ್ಲಿ ಇಡ್ಲೇ?”

ಪ್ರಶ್ನೆ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಆ ವಾಕ್ಯ ಹೀಗಾಗುತ್ತದೆ: ‘ಎರಡು ಗಂಟೆಗಿಂತ ಜಾಸ್ತಿ ಹೊರಗಿಟ್ಟ ಅನ್ನವನ್ನು ಬಡಿಸಲೇಬಾರದು.’ ಇಂಗ್ಲಿಷ್‌ನಲ್ಲಿ ಬಾಗಿಲಲ್ಲೇ ನಿಂತ ‘ಬೇಡ’ ಎಂಬುದು ನಮ್ಮಲ್ಲಿ ಹಿತ್ತಲಿಗೆ ಹೋಗುತ್ತದೆ, ಅದೂ ಕ್ರಿಯಾಪದಕ್ಕೆ ಅಂಟಿಕೊಂಡು. ಎರಡು ಗಂಟೆ ಮುಂದೆ ಬರುತ್ತದೆ. ತುಂಡಿದ್ದ ಜಾಗಕ್ಕೇ ತುಂಡು ತುಂಬಿದರೆ ‘ಎಂದಿಗೂ, ಬಡಿಸಿ ಹೊರಗಿಟ್ಟ ಅನ್ನ ಇದಕ್ಕಿಂತ ಜಾಸ್ತಿ, ಎರಡು ಗಂಟೆ’ ಅಂತ ಆಗುತ್ತದೆ. ಹುಡುಗರು ಇದನ್ನು ಓದಿ ಬಡಿಸಿಯೇ ಬಿಡುತ್ತಾರೆ.

ಇಂಗ್ಲಿಷ್‌ನಿಂದ ಫ್ರೆಂಚ್‌ಗೆ ಹೋಗುವವರು ಈ ಸ್ಕ್ರಿಪ್ಟ್ ಇಟ್ಟುಕೊಂಡು ಹೇಗೋ ಬಚಾವಾಗಬಹುದೇನೋ. ಕನ್ನಡಕ್ಕೆ ಆಗುವುದಿಲ್ಲ. ವಾಕ್ಯವನ್ನು ಒಡೆಯದೆ ಇಡೀ ಕೊಡಬೇಕು, ದಪ್ಪಕ್ಷರ ಎಲ್ಲಿ ಬೀಳಬೇಕು ಅನ್ನುವುದನ್ನು ಅನುವಾದಕಿಯೇ ತೀರ್ಮಾನಿಸಬೇಕು.

ಎರಡನೇ ಸ್ಕ್ರಿಪ್ಟ್: ಚೌಕ ಕಂಸದ ಗುರುತು

ಈ ಸಲ ಜಿ ಟ್ಯಾಗ್‌ಗಳನ್ನು ಎರಡು ಜಾತಿ ಮಾಡಿದೆ. ಪ್ಯಾರಾ, ಪಟ್ಟಿಯ ಅಂಶ, ಇಂಥವು ಒಂದು ಕಡೆ. ಇವು ಇಡೀ ವಾಕ್ಯವನ್ನು ಸುತ್ತಿರುತ್ತವೆ. ಓದುವವರಿಗೆ ತೋರಿಸುವ ಅಗತ್ಯವೇ ಇಲ್ಲ. ಒಂದು ಪ್ಯಾರಾಗೆ ಟೇಬಲ್‌ನಲ್ಲಿ ಒಂದು ಸಾಲು ಅಂತ ಮಾಡಿ ಟ್ಯಾಗ್ ಬಚ್ಚಿಟ್ಟೆ. ದಪ್ಪಕ್ಷರ, ಲಿಂಕ್ ಇಂಥವು ಇನ್ನೊಂದು ಕಡೆ. ಇವು ವಾಕ್ಯದ ಒಳಗೆ ಇರುತ್ತವೆ. ಇವಕ್ಕೆ [1] ಮತ್ತು [/1] ಅಂತ ಗುರುತು ಹಾಕಿದೆ. ಅವಳು ಅನುವಾದಿಸಿದ್ದು ಹೀಗೆ:

[2]ಎರಡು ಗಂಟೆಗಿಂತ[/2] ಜಾಸ್ತಿ ಹೊರಗಿಟ್ಟ ಅನ್ನವನ್ನು [1]ಬಡಿಸಲೇಬಾರದು[/1].

ಎರಡು ಮುಂದೆ, ಒಂದು ಹಿಂದೆ. ಏನೂ ತೊಂದರೆ ಇಲ್ಲ. ಗುರುತುಗಳು ಯಾವ ಕ್ರಮದಲ್ಲಾದರೂ ಬರಲಿ, ತೆರೆದದ್ದು ಮುಚ್ಚಿರಬೇಕು, ಒಂದೂ ಕಾಣೆಯಾಗಿರಬಾರದು, ಅಷ್ಟೇ ನಿಯಮ.

ಮೊದಲು ಕೋನ ಕಂಸ ಬಳಸಿದ್ದೆ. ಅದನ್ನು ನೋಡಿದ ಕೂಡಲೇ ಕ್ಯಾಂಟೀನಿನವರು “ಇದೇನೋ ಕಂಪ್ಯೂಟರ್ ಕೋಡು, ನಾ ಮುಟ್ಟಲ್ಲ” ಅಂದರು. ಚೌಕ ಕಂಸಕ್ಕೆ ಹೆದರಲಿಲ್ಲ. “ಈ ಡಬ್ಬಿ ಎರಡರ ನಡುವೆ ಇರುವುದು ದಪ್ಪಗೆ ಕಾಣುತ್ತೆ ಸರ್” ಅಂದೆ, ಒಪ್ಪಿಕೊಂಡರು.

ವಾಪಸ್ ಕಟ್ಟುವ ಕೆಲಸ ಕೇಳಲು ಸುಲಭ. ಸೋರ್ಸ್ ಅನ್ನು ಹಾಗೇ ನಕಲು ಮಾಡಿ ಟಾರ್ಗೆಟ್ ಮಾಡು, ಒಳಗಿನದನ್ನು ಖಾಲಿ ಮಾಡು, ಗುರುತು ನೋಡಿಕೊಂಡು ಮತ್ತೆ ತುಂಬು. ಇಲ್ಲಿ ಎಲ್‌ಎಕ್ಸ್‌ಎಂಎಲ್‌ನ ಒಂದು ಗುಣ ತಿಳಿದಿರಬೇಕು. ಟ್ಯಾಗ್ ಮುಗಿದ ನಂತರ ಬರುವ ಮಾತು ತಾಯಿ ಟ್ಯಾಗ್‌ನ ಹತ್ತಿರ ಇರುವುದಿಲ್ಲ. ಅದು ಆ ಮುಗಿದ ಟ್ಯಾಗ್‌ನ ‘ಟೇಲ್’, ಅಂದರೆ ಬಾಲ. ನಾನು ಬಾಲವನ್ನು ಮರೆತೆ. ಮೊದಲ ಪ್ರಯತ್ನದಲ್ಲಿ ಪ್ರತಿ ದಪ್ಪ ಪದದ ನಂತರದ ಅರ್ಧ ವಾಕ್ಯ ಮಾಯ. ಇದನ್ನು ಹುಡುಕಲು ಒಂದು ಸಂಜೆ ಹೋಯಿತು. ಎರಡು ಲೋಟ ಕಾಫಿ ಆರಿಹೋಯಿತು.

ಇನ್ನೊಂದು ಸಣ್ಣ ವಿಷಯ. ಪೈಥಾನ್ ಜತೆಗೇ ಬರುವ ಎಕ್ಸ್‌ಎಂಎಲ್ ಲೈಬ್ರರಿ ಬಳಸಿದರೆ, ಉಳಿಸುವಾಗ ಪ್ರತಿ ಟ್ಯಾಗ್‌ನ ಮುಂದೆ ತನ್ನದೇ ಒಂದು ಅಡ್ಡಹೆಸರು ಸೇರಿಸಿಬಿಡುತ್ತದೆ. ತಡೆಯುವ ಉಪಾಯ ಇದೆ, ಆದರೆ ಎಲ್‌ಎಕ್ಸ್‌ಎಂಎಲ್ ಮೂಲದಲ್ಲಿ ಇದ್ದ ಹಾಗೇ ಬಿಡುತ್ತದೆ. ಜತೆಗೆ, ಕಡತ ಚಂದ ಕಾಣಲಿ ಅಂತ ಸಾಲು ಹೊಂದಿಸುವ ಆಯ್ಕೆಯನ್ನು ಹಾಕಬೇಡಿ. ಆ ಖಾಲಿ ಜಾಗವೆಲ್ಲ ಕೋರ್ಸ್ ಒಳಗೆ ಹೋಗಿ ಕೂರುತ್ತದೆ.

ಟೇಬಲ್ ಹೇಗಿರಬೇಕು

ಉದ್ದನೆಯ ಐಡಿಗಳನ್ನು ವರ್ಡ್‌ನಲ್ಲಿ ಇಡಲಿಲ್ಲ. ಇಟ್ಟರೆ ಯಾರಾದರೂ ಅಳಿಸಿಯೇ ಅಳಿಸುತ್ತಾರೆ. ಬದಲಿಗೆ 1ರಿಂದ ಶುರುವಾಗುವ ಸಾಲು ಸಂಖ್ಯೆ ಕೊಟ್ಟೆ. ಯಾವ ಸಂಖ್ಯೆ ಯಾವ ಐಡಿ ಎಂಬ ಪಟ್ಟಿಯನ್ನು ನನ್ನ ಹತ್ತಿರ ಬೇರೆ ಕಡತದಲ್ಲಿ ಇಟ್ಟುಕೊಂಡೆ. ವಾಪಸ್ ಬಂದಾಗ ಇಂಗ್ಲಿಷ್ ಕಾಲಮ್ ಮೊದಲಿನ ಹಾಗೇ ಇದೆಯಾ ಅಂತ ಸ್ಕ್ರಿಪ್ಟ್ ಹೋಲಿಸಿ ನೋಡುತ್ತದೆ. ಇಲ್ಲದಿದ್ದರೆ ಆ ಸಾಲನ್ನು ಮುಟ್ಟುವುದಿಲ್ಲ, ನನಗೆ ಹೇಳುತ್ತದೆ.

ಮೂರು ಕಾಲಮ್ ಸಾಕು ಅಂದುಕೊಂಡಿದ್ದೆ: ಸಂಖ್ಯೆ, ಇಂಗ್ಲಿಷ್, ಕನ್ನಡ. ನಾಲ್ಕನೆಯದು ಬೇಕು ಅಂತ ಗೊತ್ತಾಗಿದ್ದು ‘ರೈಟ್’ ಎಂಬ ಸಾಲಿನಿಂದ. ಗೆಳತಿ ಅದನ್ನು ‘ಬಲಗಡೆ’ ಅಂತ ಮಾಡಿದ್ದಳು. ಅದು ಪ್ರಶ್ನೆಗೆ ಸರಿ ಉತ್ತರ ಕೊಟ್ಟಾಗ ಬರುವ ‘ಸರಿ’. ‘ಬ್ಯಾಕ್’ ಎಂಬುದು ‘ಬೆನ್ನು’ ಆಗಿತ್ತು. ಅವಳ ತಪ್ಪೇನೂ ಇಲ್ಲ. ಬೀದಿಯಲ್ಲಿ ಒಂಟಿಯಾಗಿ ಸಿಕ್ಕ ಪದ ಯಾರ ಮನೆಯದು ಅಂತ ಯಾರಿಗೆ ಗೊತ್ತು? ನನ್ನ ಕಡತದ ಐಡಿಗಳಲ್ಲಿ ಇದು ಶೀರ್ಷಿಕೆ, ಇದು ಉತ್ತರ, ಇದು ಪ್ರತಿಕ್ರಿಯೆ ಎಂಬ ಸುಳಿವು ಇತ್ತು. ಅದನ್ನು ಕನ್ನಡಕ್ಕೆ ತಿರುಗಿಸಿ ‘ಎಲ್ಲಿ ಬರುತ್ತದೆ’ ಎಂಬ ಕಾಲಮ್ ಮಾಡಿದೆ. ಪಾಠದ ಹೆಸರು ಬಂದಾಗ ಬೂದು ಬಣ್ಣದ ಸಾಲು. ಬೆನ್ನು ಮತ್ತೆ ‘ಹಿಂದೆ’ ಆಯಿತು.

ಕನ್ನಡದ್ದೇ ಆದ ಮೂರು ತರಲೆ

ಒಂದು. ಅನುವಾದ ಬಂತು, ನಡುವೆ ಹನ್ನೆರಡು ಸಾಲು ವಿಚಿತ್ರ. ಗೆಳತಿಯ ಕಂಪ್ಯೂಟರ್‌ನಲ್ಲಿ ಚೆನ್ನಾದ ಕನ್ನಡ. ನನ್ನ ಸ್ಕ್ರಿಪ್ಟ್‌ಗೆ ಬರೀ ಯುರೋಪಿನ ಅಕ್ಷರ, ತಲೆ ಮೇಲೆ ಕೊಂಬು, ಕೆಳಗೆ ಬಾಲ. ಅವಳ ಹಳೇ ಕಡತದಿಂದ ಕೆಲವು ವಾಕ್ಯ ಪೇಸ್ಟ್ ಮಾಡಿದ್ದಳು. ಎಲ್ಲಾ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಯೂನಿಕೋಡ್ ಬಳಕೆಗೆ ಬರುವ ಮುಂಚಿನ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ನುಡಿ, ಬರಹ ತಂತ್ರಾಂಶ ಬಳಸಿ ಬೆಳೆದ ನಮ್ಮ ಪೀಳಿಗೆಗೆ ಇದು ಹಳೇ ಪರಿಚಯ. ಅಲ್ಲಿ ಫಾಂಟ್ ತೆಗೆದರೆ ಕನ್ನಡವೂ ಹೋಯಿತು. ಪರಿವರ್ತಕದಲ್ಲಿ ಹಾಕಿ ಸರಿ ಮಾಡಿದೆ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಜಾಗಗಳ ಒಂದು ಓಣಿ ಇದೆ, 0ಸಿ80ರಿಂದ 0ಸಿಎಫ್‌ಎಫ್‌ವರೆಗೆ. ಕನ್ನಡ ಕಾಲಮ್‌ನ ಒಂದು ಸಾಲಿನಲ್ಲಿ ಈ ಓಣಿಯ ಒಂದು ಅಕ್ಷರವೂ ಇಲ್ಲದಿದ್ದರೆ ಕೆಂಪು ಬಳಿ ಅಂತ ಸ್ಕ್ರಿಪ್ಟ್‌ಗೆ ಹೇಳಿಕೊಟ್ಟೆ.

ಎರಡು. ಇದು ನಾನೇ ಮಾಡಿಕೊಂಡದ್ದು. ಇಂಗ್ಲಿಷ್ ಮೂಲದಲ್ಲಿ ಎಲ್ಲಿಂದಲೋ ಪೇಸ್ಟ್ ಆಗಿ ಬಂದ ಕಣ್ಣಿಗೆ ಕಾಣದ ಖಾಲಿ ಜಾಗಗಳಿದ್ದವು, ಯೂನಿಕೋಡ್ ಸಂಖ್ಯೆ 200ಬಿ. ಅವನ್ನು ಗುಡಿಸುವಾಗ ಅಕ್ಕಪಕ್ಕದ 200ಸಿ, 200ಡಿ ಎರಡನ್ನೂ ಸೇರಿಸಿ ಗುಡಿಸಿಬಿಟ್ಟೆ. ಎಲ್ಲಾ ಕಾಣದ ಕಸವೇ ತಾನೆ ಅಂತ. ಕೋರ್ಸ್ ತೆರೆದು ನೋಡಿದರೆ ‘ಫ್ರಿಜ್‌ನಲ್ಲಿ’ ಎಂಬುದು ‘ಫ್ರಿಜ್ನಲ್ಲಿ’ ಆಗಿತ್ತು. ಜಕಾರದ ಕೆಳಗೆ ನಕಾರದ ಒತ್ತು ನೇತಾಡುತ್ತಿತ್ತು. ‘ಶೆಲ್ಫ್‌ನಲ್ಲಿ’, ‘ಸೆಕೆಂಡ್‌ಗಳು’, ಎಲ್ಲದರ ಗತಿಯೂ ಅದೇ. ಆ 200ಸಿ ಕಸವಲ್ಲ. ಅರ್ಧ ಅಕ್ಷರ ಒತ್ತಾಗದೆ ಬಿಡಿಯಾಗಿ ನಿಲ್ಲಲಿ ಅಂತ ನಾವು ಬೇಕೆಂದೇ ಇಡುವ ಗೋಡೆ. ಇಂಗ್ಲಿಷ್ ಪದಕ್ಕೆ ಕನ್ನಡ ಪ್ರತ್ಯಯ ಹಚ್ಚುವ ಕಡೆಯೆಲ್ಲ ಅದು ಬೇಕು. 200ಡಿ ಕೂಡ ಬೇಕು, ‘ರ‍್ಯಾಕ್’ ಎಂಬಲ್ಲಿ ರಕಾರ ಅರ್ಕಾವೊತ್ತಾಗಿ ಹಿಂದಕ್ಕೆ ಹಾರದೆ ತನ್ನ ಜಾಗದಲ್ಲೇ ನಿಂತಿರುವುದು ಅದರಿಂದಲೇ. ಈಗ ಇಂಗ್ಲಿಷ್‌ನಿಂದ 200ಬಿ ಮಾತ್ರ ಗುಡಿಸುತ್ತೇನೆ. ಕನ್ನಡ ಕಾಲಮ್‌ಗೆ ಪೊರಕೆಯನ್ನೇ ತರುವುದಿಲ್ಲ.

ಮೂರನೆಯದು ತರಲೆ ಅಂತ ಹೆದರಿದ್ದೆ, ಆಗಲಿಲ್ಲ. ಗೆಳತಿ ಕೆಲವು ಕಡೆ [೧] ಅಂತ ಕನ್ನಡ ಅಂಕಿಯಲ್ಲಿ ಗುರುತು ಹಾಕಿದ್ದಳು. ಸ್ಕ್ರಿಪ್ಟ್ ಒಡೆಯುತ್ತದೆ ಅಂದುಕೊಂಡೆ. ಆದರೆ ಪೈಥಾನ್‌ನಲ್ಲಿ ಅಂಕಿ ಹುಡುಕುವ ಸೂತ್ರ (ರೆಗೆಕ್ಸ್) ಕನ್ನಡ ಅಂಕಿಯನ್ನೂ ಅಂಕಿ ಅಂತಲೇ ಒಪ್ಪುತ್ತದೆ, ಅದನ್ನು ಸಂಖ್ಯೆಯಾಗಿ ತಿರುಗಿಸಲೂ ಗೊತ್ತು. ನಾನು ಏನೂ ಮಾಡದೆ ಕೆಲಸ ನಡೆಯಿತು. ಇಂಥದ್ದು ವರ್ಷಕ್ಕೊಮ್ಮೆ ಆಗುತ್ತದೆ.

ಕ್ಯಾಂಟೀನಿನವರ ತಿದ್ದುಪಡಿ

ಅನುವಾದ ಚೆನ್ನಾಗಿಯೇ ಇತ್ತು. ಆದರೆ ಪುಸ್ತಕದ ಕನ್ನಡ. ‘ಅಡ್ಡ ಮಾಲಿನ್ಯ’ ಎಂಬುದನ್ನು ನೋಡಿ ಅವರು ಕೇಳಿದರು: “ಇದು ಪೀಣ್ಯದ ಗಾಳಿ ವಿಷಯಾನಾ ಮೇಡಂ?” ಹಸಿ ಮಾಂಸ ಹೆಚ್ಚಿದ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚುವುದು ಅಂತ ಹೇಳಿದೆ. “ಹಂಗಾದ್ರೆ ಹಂಗೇ ಬರೀರಿ.” ಅದು ‘ಹಸಿಯದ್ದರ ಕೊಳೆ ಬೆಂದದ್ದಕ್ಕೆ ತಾಗುವುದು’ ಎಂದಾಯಿತು. ‘ಶೀಘ್ರ ನಾಶವಾಗುವ ಪದಾರ್ಥ’ ಎಂಬುದು ‘ಬೇಗ ಹಳಸುವ ಪದಾರ್ಥ’ ಆಯಿತು. ‘ಅಪಾಯದ ವಲಯ’ ಎಂಬುದನ್ನು ಹಾಗೇ ಬಿಟ್ಟರು, ಆದರೆ ಪಕ್ಕದಲ್ಲಿ ಬರೆಸಿದರು: 5 ಡಿಗ್ರಿಗಿಂತ ತಣ್ಣಗಿರಬೇಕು, ಇಲ್ಲಾ 60 ಡಿಗ್ರಿಗಿಂತ ಬಿಸಿಯಿರಬೇಕು, ನಡುವೆ ಇರಬಾರದು. ಇಂಗ್ಲಿಷ್ ಮೂಲದಲ್ಲಿ ಇದು ಇಷ್ಟು ಚುರುಕಾಗಿ ಇರಲಿಲ್ಲ. ಅದನ್ನೂ ಈಗ ತಿದ್ದಬೇಕು.

ಕಡತ ವಾಪಸ್ ಬಂತು. ಸ್ಕ್ರಿಪ್ಟ್ ಓಡಿಸಿದೆ, ಒಂದು ದೂರೂ ಇಲ್ಲ. ಕೋರ್ಸ್‌ಗೆ ಹಾಕಿದೆ. ಸುಮ್ನೆ ಕಣ್ಣಾಡಿಸುವಾಗ ಒಂದು ವಾಕ್ಯ ಕಂಡಿತು: ‘ಹಸಿ ಮಾಂಸವನ್ನು ಫ್ರಿಜ್‌ನಲ್ಲಿ ಇಡಿ.’ ಸರಿಯಾಗೇ ಇದೆಯಲ್ಲ ಅನಿಸಿತು. ಆದರೆ ಆ ಪಾಠದ ಪೂರ್ತಿ ಪಾಯಿಂಟೇ ಎಲ್ಲಿ ಇಡಬೇಕು ಎಂಬುದು. ಮೇಲೆ ಇಟ್ಟರೆ ರಕ್ತದ ನೀರು ಕೆಳಗಿನ ಪಾತ್ರೆಗೆ ತೊಟ್ಟಿಕ್ಕುತ್ತದೆ.

ವರ್ಡ್ ತೆರೆದು ನೋಡಿದೆ. ಅವರು ‘ಕೆಳಭಾಗದ ಶೆಲ್ಫ್‌ನಲ್ಲಿ’ ಎಂಬುದನ್ನು ಅಳಿಸಿ ‘ಎಲ್ಲಕ್ಕಿಂತ ಕೆಳಗೆ’ ಅಂತ ಬರೆದಿದ್ದರು. ತಿದ್ದಿದ್ದನ್ನೆಲ್ಲ ಗುರುತು ಹಾಕಿ ತೋರಿಸುವ ವರ್ಡ್‌ನ ಟ್ರ್ಯಾಕ್ ಚೇಂಜಸ್ ಆನ್ ಆಗಿತ್ತು. ಕೆಂಪು ಗೆರೆ, ಕೆಂಪು ಅಕ್ಷರ, ಎಲ್ಲಾ ಕಾಣುತ್ತಿತ್ತು. ನನ್ನ ಸ್ಕ್ರಿಪ್ಟ್‌ಗೆ ಮಾತ್ರ ಹಳೆಯದೂ ಕಾಣಲಿಲ್ಲ, ಹೊಸದೂ ಕಾಣಲಿಲ್ಲ.

ಕಾರಣ ವರ್ಡ್ ಕಡತದ ಒಳಗಿದೆ. ಡಾಕ್ಸ್ ಎಂಬುದು ಒಂದು ಜಿಪ್, ಒಳಗೆ ಎಕ್ಸ್‌ಎಂಎಲ್. ಟ್ರ್ಯಾಕ್ ಚೇಂಜಸ್ ಇದ್ದಾಗ ಸೇರಿಸಿದ ಮಾತು ಪ್ಯಾರಾದಲ್ಲಿ ನೇರವಾಗಿ ಇರುವುದಿಲ್ಲ. ‘ಇನ್ಸ್’ ಎಂಬ ಇನ್ನೊಂದು ಡಬ್ಬಿಯೊಳಗೆ ಇರುತ್ತದೆ. ಅಳಿಸಿದ್ದು ‘ಡೆಲ್’ ಎಂಬ ಡಬ್ಬಿಯೊಳಗೆ. ಪೈಥಾನ್-ಡಾಕ್ಸ್‌ಗೆ ಪ್ಯಾರಾದ ಮಾತು ಕೊಡು ಅಂದರೆ ಅದು ನೇರ ಮಕ್ಕಳನ್ನು ಮಾತ್ರ ನೋಡುತ್ತದೆ, ಈ ಎರಡು ಡಬ್ಬಿಗಳ ಒಳಗೆ ಇಣುಕುವುದಿಲ್ಲ. ಹಾಗಾಗಿ ತಿದ್ದಿದ ಕಡೆಯಲ್ಲೆಲ್ಲ ತೂತು. ಅರ್ಥವಿಲ್ಲದ ತೂತಾಗಿದ್ದರೆ ಕಣ್ಣಿಗೆ ಬೀಳುತ್ತಿತ್ತು. ಇಲ್ಲಿ ವಾಕ್ಯ ಸರಾಗವಾಗಿ ಕೂಡಿಕೊಂಡು ಅಪಾಯದ ಮಾತೊಂದೇ ಮಾಯವಾಗಿತ್ತು. ನನ್ನ ಎದೆ ನಿಜವಾಗಿಯೂ ಧಸಕ್ಕೆಂದಿತು.

ಪರಿಹಾರ ಎರಡು ಸಾಲಿನದು. ಮಾಮೂಲಿ ಮಾತು, ಸೇರಿಸಿದ ಮಾತು ಎರಡೂ ಒಳಗೆ ‘ಟಿ’ ಎಂಬ ಟ್ಯಾಗ್‌ನಲ್ಲಿ ಇರುತ್ತವೆ. ಅಳಿಸಿದ ಮಾತು ಮಾತ್ರ ‘ಡೆಲ್‌ಟೆಕ್ಸ್ಟ್’ ಎಂಬ ಬೇರೆ ಟ್ಯಾಗ್. ಪ್ಯಾರಾದ ಒಳಗೆ ಎಷ್ಟೇ ಆಳದಲ್ಲಿರಲಿ, ಎಲ್ಲಾ ‘ಟಿ’ಗಳನ್ನು ವರಸೆಯಾಗಿ ಕೂಡಿಸಿದರೆ ಬದಲಾವಣೆಗಳನ್ನು ಒಪ್ಪಿಕೊಂಡ ವಾಕ್ಯವೇ ಸಿಗುತ್ತದೆ. ವರ್ಡ್‌ನಲ್ಲೇ ಎಲ್ಲಾ ಬದಲಾವಣೆ ಒಪ್ಪಿಕೊಂಡು ಉಳಿಸಿದರೂ ಆಗುತ್ತದೆ, ಆದರೆ ಅದು ನೆನಪಿರಬೇಕಲ್ಲ. ಇಡೀ ಕಡತ ಮತ್ತೆ ಓಡಿಸಿದೆ. 74 ಸಾಲುಗಳಲ್ಲಿ ತೂತು ಇತ್ತು.

ಅವತ್ತಿನಿಂದ ಇನ್ನೊಂದು ಪರೀಕ್ಷೆ ಸೇರಿಸಿದ್ದೇನೆ. ಕೋರ್ಸ್‌ಗೆ ಹಾಕಿದ ಮೇಲೆ ಮತ್ತೊಮ್ಮೆ ಎಕ್ಸ್‌ಲಿಫ್ ಇಳಿಸಿಕೊಂಡು, ಅದರಲ್ಲಿ ಈಗ ಸೋರ್ಸ್ ಆಗಿ ಕೂತಿರುವ ಕನ್ನಡವನ್ನು ವರ್ಡ್‌ನಲ್ಲಿ ಕಣ್ಣಿಗೆ ಕಾಣುವ ಕನ್ನಡದ ಜತೆ ಹೋಲಿಸುವುದು. ಕಣ್ಣಿಗೆ ಕಾಣುವುದನ್ನು ಪಡೆಯಲು ಲಿಬ್ರೆ ಆಫೀಸ್‌ನಲ್ಲಿ ತೆರೆದು, ಬದಲಾವಣೆಗಳನ್ನೆಲ್ಲ ಒಪ್ಪಿಕೊಂಡು, ಬರೀ ಪಠ್ಯವಾಗಿ ಉಳಿಸುತ್ತೇನೆ. ನನ್ನ ಸ್ಕ್ರಿಪ್ಟ್ ಓದಿದ್ದನ್ನು ನನ್ನ ಸ್ಕ್ರಿಪ್ಟೇ ಪರೀಕ್ಷಿಸಿದರೆ ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗೆ.

ಎಕ್ಸ್‌ಲಿಫ್‌ನಲ್ಲಿ ಬರದೇ ಇರುವುದು

ಎಲ್ಲಾ ಮುಗಿಯಿತು ಅಂತ ಫೋನ್‌ನಲ್ಲಿ ಕೋರ್ಸ್ ತೆರೆದರೆ ಮೊದಲ ಗುಂಡಿಯೇ ಇಂಗ್ಲಿಷ್, ‘ಸ್ಟಾರ್ಟ್ ಕೋರ್ಸ್’. ರೈಸ್ ತಾನೇ ಇಡುವ ಇಂಥ ಗುಂಡಿಗಳ ಮಾತು ಕೋರ್ಸ್‌ನ ಮಾತಲ್ಲ, ಲೇಬಲ್‌ಗಳ ಬೇರೆ ಪಟ್ಟಿಯಲ್ಲಿ ಇರುತ್ತದೆ. ಆ ಪಟ್ಟಿಯ ಕನ್ನಡ ಆವೃತ್ತಿ ಒಂದನ್ನು ಬೇರೆಯಾಗಿ ಮಾಡಬೇಕು. ಒಮ್ಮೆ ಮಾಡಿದರೆ ಮುಂದಿನ ಕೋರ್ಸ್‌ಗೂ ಬರುತ್ತದೆ. ಚಿತ್ರದೊಳಗೆ ಬರೆದ ಅಕ್ಷರ ಬರುವುದಿಲ್ಲ, ಅದು ಚಿತ್ರ. ವಿಡಿಯೋ ಕೆಳಗಿನ ಸಾಲುಗಳು ಬೇರೆ ವಿಟಿಟಿ ಕಡತ. ಅದೃಷ್ಟಕ್ಕೆ ಅದು ನೋಟ್‌ಪ್ಯಾಡ್‌ನಲ್ಲೇ ತಿದ್ದಬಹುದಾದ ಬರೀ ಪಠ್ಯ.

ಫಾಂಟ್ ಬಗ್ಗೆ ಒಂದೇ ಮಾತು. ಇಂಗ್ಲಿಷ್‌ಗೆ ಆರಿಸಿದ ಫಾಂಟ್‌ನಲ್ಲಿ ಕನ್ನಡ ಇಲ್ಲದಿದ್ದರೆ ಫೋನ್ ತನ್ನಲ್ಲಿರುವುದನ್ನು ತೋರಿಸುತ್ತದೆ, ಕಂಪ್ಯೂಟರ್ ತನ್ನದನ್ನು. ನೋಟೋ ಸ್ಯಾನ್ಸ್ ಕನ್ನಡವನ್ನು ನಾನೇ ಅಪ್‌ಲೋಡ್ ಮಾಡಿದೆ. ಸಣ್ಣ ಗುಂಡಿಗಳಲ್ಲಿ ಒತ್ತಕ್ಷರದ ಬಾಲ ಕತ್ತರಿಸುತ್ತದೆಯಾ ಅಂತ ನೋಡಿಕೊಳ್ಳಿ.

ಮೂಲವೇ ಕಳೆದುಹೋಗಿದ್ದರೆ

ಇದು ನನ್ನ ಕೆಲಸಕ್ಕೆ ಬೇಕಿರಲಿಲ್ಲ, ಆದರೆ ಬಹಳ ಜನ ಸಿಕ್ಕಿಹಾಕಿಕೊಳ್ಳುವ ಜಾಗ. ಕೋರ್ಸ್ ಮಾಡಿದವರು ಬಿಟ್ಟುಹೋಗಿದ್ದಾರೆ, ಕೈಯಲ್ಲಿ ಇರುವುದು ಸ್ಕಾರ್ಮ್ ಜಿಪ್ ಮಾತ್ರ, ಅಂದರೆ ಕಲಿಕಾ ತಾಣಕ್ಕೆ ಹಾಕಲು ಕಟ್ಟಿಟ್ಟ ಸಿದ್ಧ ಕೋರ್ಸ್. ಕೋರ್ಸ್ ನಿಮ್ಮದೇ ಆಗಿದ್ದರೆ ಜಿಪ್ ಬಿಚ್ಚಿ ನೋಡಿ. ಐಎಂಎಸ್ ಮ್ಯಾನಿಫೆಸ್ಟ್ ಎಂಬ ಕಡತ ಒಳಗೆ ಏನೇನಿದೆ ಅಂತ ಹೇಳುತ್ತದೆ. ರೈಸ್‌ನಿಂದ ಬಂದದ್ದಾದರೆ ಇಂಡೆಕ್ಸ್ ಕಡತದ ನಡುವೆ ಕಿಲೋಮೀಟರ್ ಉದ್ದದ ಒಂದೇ ಸಾಲು ಸಿಗಬಹುದು, ‘ಇವೈಜೆ’ ಎಂಬ ಮೂರು ಅಕ್ಷರದಿಂದ ಶುರುವಾಗುವಂಥದ್ದು. ಅದು ಬೇಸ್64, ಮಾಹಿತಿಯನ್ನು ಮಾಮೂಲಿ ಅಕ್ಷರ, ಅಂಕಿ, ಚಿಹ್ನೆಗಳ ಸಾಲಾಗಿ ಬರೆಯುವ ಒಂದು ರೀತಿ. ಪುಷ್ಪಾವರಣ, ಉದ್ಧರಣ ಚಿಹ್ನೆ, ಅದರ ಹಿಂದೆಯೇ ಒಂದು ಇಂಗ್ಲಿಷ್ ಅಕ್ಷರ, ಹೀಗೆ ಶುರುವಾಗುವ ಜೆಸಾನ್ (ಮಾಹಿತಿ ಜೋಡಿಸಿಡುವ ಒಂದು ಪಠ್ಯ ರೂಪ) ಅನ್ನು ಬೇಸ್64 ಮಾಡಿದರೆ ಯಾವಾಗಲೂ ಹೀಗೇ ಶುರುವಾಗುತ್ತದೆ. ಬಿಚ್ಚಿದರೆ ಇಡೀ ಕೋರ್ಸಿನ ಮಾತು ಸಿಗುತ್ತದೆ. ಓದಿಕೊಳ್ಳಲು, ಹೊಸದಾಗಿ ಕಟ್ಟಲು ಬಳಸಿ. ಅಲ್ಲೇ ತಿದ್ದಿ ವಾಪಸ್ ತುಂಬುವ ಸಾಹಸ ನಾನು ಮಾಡುವುದಿಲ್ಲ.

ಕೋರ್ಸ್ ಕಟ್ಟುವ ಇನ್ನೊಂದು ಸಾಧನವಾದ ಎಚ್‌5ಪಿಯಲ್ಲಿ ಮಾಡಿದವರು ಪುಣ್ಯವಂತರು. ಆ ಕಡತವೇ ಒಂದು ಜಿಪ್, ಒಳಗೆ ಕಂಟೆಂಟ್ ಎಂಬ ಜೆಸಾನ್, ಮಾತೆಲ್ಲ ಅದರಲ್ಲೇ. ಕಲಿಕಾ ತಾಣ ನಡೆಸುವ ಮೂಡಲ್ ಸಾಫ್ಟ್‌ವೇರ್‌ನ ಬ್ಯಾಕಪ್‌ನಲ್ಲಿಯೂ ಒಂದೊಂದು ಪುಟಕ್ಕೆ ಒಂದೊಂದು ಎಕ್ಸ್‌ಎಂಎಲ್ ಸಿಗುತ್ತದೆ. ನನ್ನ ಚೌಕ ಕಂಸದ ಸ್ಕ್ರಿಪ್ಟನ್ನು ಮುಂದೆ ಎಚ್‌5ಪಿಗೂ ಹೊಂದಿಸುವ ಯೋಚನೆ ಇದೆ.

ಕೊನೆಯ ಸುತ್ತು

ಎರಡನೇ ಸಲ ತಿದ್ದಲು ವರ್ಡ್ ಕಡತ ಕಳಿಸಿದೆ, ಟ್ರ್ಯಾಕ್ ಚೇಂಜಸ್ ಎಷ್ಟು ಬೇಕಾದರೂ ಬರಲಿ ಎಂಬ ಧೈರ್ಯದಲ್ಲಿ. ಎರಡು ದಿನದ ನಂತರ ವಾಟ್ಸಾಪ್‌ನಲ್ಲಿ ಹದಿನಾಲ್ಕು ಫೋಟೋ ಬಂದವು. ಅವರು ಟೇಬಲ್ಲನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಲ್ಲಿ ತಿದ್ದಿ, ಅಡುಗೆಮನೆ ಕಟ್ಟೆ ಮೇಲಿಟ್ಟು ಫೋಟೋ ಹೊಡೆದಿದ್ದರು. ಒಂದು ಹಾಳೆಯ ಮೂಲೆಯಲ್ಲಿ ಸಾರಿನ ಕಲೆ.

“ಮಾತ್ರೆ ಡಬ್ಬಿ ತರಾ ಸಣ್ಣ ಅಕ್ಷರ ಕಂಪ್ಯೂಟರಲ್ಲಿ ಕಾಣಲ್ಲ ಮೇಡಂ. ನಂಬರ್ ಹಾಕಿದ್ದೀರಲ್ಲ, ನಂಬರ್ ನೋಡ್ಕೊಂಡು ಹಾಕ್ಕೊಳ್ಳಿ.”

31 ಸಾಲು. ಸಂಖ್ಯೆ ನೋಡಿಕೊಂಡು ಕೈಯಿಂದ ಟೈಪ್ ಮಾಡಿದೆ, ಮುಕ್ಕಾಲು ಗಂಟೆ ಹಿಡಿಯಿತು. ಸ್ಕ್ರಿಪ್ಟ್ ಓಡಿತು, ಕೆಂಪು ಸಾಲು ಒಂದೇ ಒಂದು: 212ರಲ್ಲಿ [/1] ನಾನೇ ಬಿಟ್ಟಿದ್ದೆ. ಈಗ ಟೇಬಲ್‌ನಲ್ಲಿ ಸಂಖ್ಯೆಯ ಅಕ್ಷರವನ್ನು 16 ಪಾಯಿಂಟ್ ಮಾಡಿದ್ದೇನೆ, ಕನ್ನಡ ಕಾಲಮ್‌ನ ಸಾಲುಗಳ ನಡುವೆ ಪೆನ್ನಿಗೆ ಜಾಗ ಬಿಟ್ಟಿದ್ದೇನೆ. ಬಾಕಿ ಇರುವುದು ಥರ್ಮಾಮೀಟರ್‌ನ ಒಂದು ಚಿತ್ರ, ಅದರ ಮೇಲೆ ಇನ್ನೂ ಇಂಗ್ಲಿಷ್ ಇದೆ. ಅವರ ಅಡುಗೆಮನೆಯ ಥರ್ಮಾಮೀಟರ್‌ನದ್ದೇ ಫೋಟೋ ಕಳಿಸಿ ಅಂತ ಕೇಳಿದ್ದೇನೆ.